ಮೂರು ದಿನ ನಿಂತ ಮಗ್ಗ

ಮಠದಲ್ಲಿ ಬಡವರಿಗಾಗಿ ಔಷಧಾಲಯ ತೆರೆಯುವುದೆಂದು ತೀರ್ಮಾನವಾಗಿತ್ತು. ಅದರ ಹೊಣೆ ಹೊತ್ತ ಶಿಷ್ಯ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಮದ್ದು ಪುಕ್ಕಟೆ ಎಂದರೆ ಸುಳ್ಳು ರೋಗಿಗಳೂ ಬರುತ್ತಾರೆ. ಅವರನ್ನು ಗುರುತಿಸುವುದು ಹೇಗೆ?"

ಗುರುಗಳು ಹೇಳಿದರು:

ನೇಕಾರರ ಒಂದು ಊರು. ಅಲ್ಲಿ ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ವೈದ್ಯನಿಗೆ ಒಂದು ಪಂಚೆ ನೇಯ್ದು ಕೊಡುತ್ತಿದ್ದರು. ವರ್ಷವಿಡೀ ಯಾರಿಗೆ ಏನಾದರೂ ವೈದ್ಯ ಮದ್ದು ಕೊಡುತ್ತಿದ್ದ. ಬೇರೆ ಲೆಕ್ಕವಿರಲಿಲ್ಲ.

ಒಬ್ಬ ನೇಕಾರನಿಗೆ ಇದು ಸರಿ ಕಾಣಲಿಲ್ಲ. ಊರ ಸಭೆಯಲ್ಲಿ ಎದ್ದು ನಿಂತ.

"ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಕೆಮ್ಮಿದ್ದಿಲ್ಲ. ಪಂಚೆ ನನ್ನದು, ಲೇಹ್ಯ ನೆಕ್ಕುವವನು ಪಕ್ಕದ ಮನೆಯವನು. ಅವನ ಕಾಯಿಲೆ ನಿಜವೆಂದು ಯಾರು ಕಂಡಿದ್ದಾರೆ?"

"ಕಾಣುವುದು ಹೇಗಪ್ಪಾ? ಹೊಟ್ಟೆಯೊಳಗೆ ಇಣುಕಿ ನೋಡುತ್ತೀಯಾ?" ಎಂದ ಊರ ಹಿರಿಯ.

ಜನ ನಕ್ಕರು. ನೇಕಾರ ನಗಲಿಲ್ಲ.

"ಇಣುಕುವುದು ಬೇಡ, ಕಿವಿ ಕೊಟ್ಟರೆ ಸಾಕು. ನಿಜವಾಗಿ ಕಾಯಿಲೆ ಬಿದ್ದ ಮನೆಯಲ್ಲಿ ಮಗ್ಗದ ಲಾಳಿ ಆಡುವುದಿಲ್ಲ. ಮೂರು ದಿನ ಮಗ್ಗದ ಸದ್ದು ನಿಂತ ಮನೆಗೆ ಮಾತ್ರ ಮದ್ದು ಕೊಡಿ."

ಎಲ್ಲರಿಗೂ ಪಕ್ಕದ ಮನೆಯವನ ಮೇಲೆ ಇಷ್ಟಿಷ್ಟು ಸಂಶಯವಿತ್ತು. ಆದ್ದರಿಂದ ಮಾತು ಎಲ್ಲರಿಗೂ ಒಪ್ಪಿತವಾಯಿತು. ವೈದ್ಯನ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿದರು. ಬೆಳಿಗ್ಗೆ ಬೀದಿ ಬೀದಿ ಸುತ್ತಿ ಸದ್ದು ಕೇಳಿ ಬರುವುದು ಅವನ ಕೆಲಸ. ಅವನ ಸಂಬಳಕ್ಕೆಂದು ವೈದ್ಯನ ಪಂಚೆಗಳಲ್ಲಿ ಹತ್ತನ್ನು ತೆಗೆದಿಟ್ಟರು. ಮದ್ದಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಸುಳ್ಳರೆಲ್ಲ ಸಿಕ್ಕಿಬಿದ್ದರೆಂದು ನೇಕಾರ ಹಿಗ್ಗಿದ.

ಆ ವರ್ಷವೇ ಒಂದು ದಿನ ಬೆಳಿಗ್ಗೆ ಅವನ ಹೆಂಡತಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧ ಮುಗಿದಿತ್ತು. ಅವನು ಅದನ್ನು ನೇಯುತ್ತಲೇ ಇದ್ದ. ನೋವು ಹೆಚ್ಚಾದಾಗ ಅವಳು ಹೊಟ್ಟೆ ಹಿಡಿದುಕೊಂಡು ಅವನ ಜೊತೆ ವೈದ್ಯನ ಮನೆಗೆ ನಡೆದು ಬಂದಳು.

"ಬೆಳಿಗ್ಗೆ ನಿಮ್ಮ ಮಗ್ಗ ಆಡುತ್ತಿತ್ತಲ್ಲಣ್ಣ?" ಎಂದ ಕಾವಲುಗಾರ.

"ನೇಯ್ದವನು ನಾನು. ನೋವು ಅವಳಿಗೆ."

"ಬಂದವರೆಲ್ಲ ಹೀಗೇ ಏನಾದರೊಂದು ಹೇಳುತ್ತಾರೆ. ಕಟ್ಟಳೆ ಮಾಡಿಸಿದವರು ನೀವು. ನಿಮಗೊಂದು, ಊರಿಗೊಂದು ಮಾಡಲೇ?"

ಬಾಗಿಲಲ್ಲಿ ನಿಂತವರೆಲ್ಲ ನೇಕಾರನನ್ನೇ ನೋಡುತ್ತಿದ್ದರು. ಅವನಿಗೆ ನಾಚಿಕೆಯಾಯಿತು. ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋಗಿ ಮಗ್ಗ ನಿಲ್ಲಿಸಿದ. ಮೂರು ದಿನ ಕಾದ.

ನಾಲ್ಕನೆಯ ದಿನ ಅವಳನ್ನು ಹೊತ್ತು ತಂದರು. ಕಾವಲುಗಾರ ತಡೆಯಲಿಲ್ಲ. ವೈದ್ಯ ನಾಡಿ ಹಿಡಿದು ನೋಡಿ ಕೈ ಬಿಟ್ಟ.

"ನೋವು ಬಂದ ದಿನವೇ ಕರೆತರಬಾರದಿತ್ತೇ?"

"ಕರೆತಂದಿದ್ದೆ" ಎಂದ ನೇಕಾರ.

ಸಂಜೆಗೆ ಅವಳು ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಆದರೂ ಗುರುಗಳೇ, ಮೊದಲ ದಿನ ಅವಳು ನಡೆದೇ ಬಂದಿದ್ದಳಲ್ಲ. ಆಗ ನಿಜವಾಗಿ ಅಷ್ಟು ನೋವಿತ್ತೇ?"

ಗುರುಗಳು ಅವನ ಮುಖ ನೋಡಿದರು.

"ಸತ್ತ ಮೇಲೂ ಅವಳು ನಿನ್ನನ್ನು ನಂಬಿಸಬೇಕೇನಪ್ಪಾ?"