ಕೊಕ್ಕರೆಗಳ ಗರಿ ಮತ್ತು ಭರಮಕ್ಕನ ಜೇನಂಗಡಿ

ಕಾರ್ತಿಕದ ಎರಡನೆಯ ಶುಕ್ರವಾರ ಇದು ನಡೆಯಿತು.

ಕಣಿವೆಯ ಒಂದು ಕಾಡಿನಲ್ಲಿ ಭರಮಕ್ಕನೆಂಬ ಕರಡಿ ಜೇನಿನ ಅಂಗಡಿ ಇಟ್ಟುಕೊಂಡಿತ್ತು. ಗಿರಾಕಿಗಳೆಲ್ಲ ದೂರದ ಬೆಟ್ಟಗಳಲ್ಲಿದ್ದರು. ಕೊಕ್ಕರೆಗಳು ಹೊತ್ತು ಹಾರುವ ಬುಟ್ಟಿಯಲ್ಲಿ ಜೇನು ಹೋಗುತ್ತಿತ್ತು. ಮಾರಲು ನರಿ ಕೆಂಚಪ್ಪ ಜೊತೆಗೆ ಹೋಗುತ್ತಿತ್ತು. ಒಂದು ಸಲ ಹಾರಿದವರಿಗೆ ಕೊಕ್ಕರೆಗಳು ಒಂದು ಗರಿ ಕೊಡುತ್ತಿದ್ದವು. ಹತ್ತು ಗರಿ ಕೂಡಿಸಿದವರಿಗೆ ಒಂದು ಸಲ ಹಾರಲು ಬುಟ್ಟಿ ಬಿಟ್ಟಿ.

"ಹಾರುವವನು ನಾನು, ಗರಿಯೂ ನನ್ನದು," ಎನ್ನುತ್ತಿತ್ತು ನರಿ. ಭರಮಕ್ಕ ಅಡ್ಡಿ ಮಾಡಲಿಲ್ಲ. ಗರಿಯಿಂದ ಅಂಗಡಿಗೇನು ಲಾಭವೆಂದು ಅದು ಯೋಚಿಸಿಯೇ ಇರಲಿಲ್ಲ.

ಆ ಶುಕ್ರವಾರ ಬೆಟ್ಟದ ಆನೆ ಗೌರಮ್ಮನ ಮರಿಗೆ ನಾಮಕರಣ. "ಮಧ್ಯಾಹ್ನದ ಊಟಕ್ಕೆ ಮೂರು ಕೊಡ ಜೇನು ಬೇಕು. ತಪ್ಪಿದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ," ಎಂದು ಗೌರಮ್ಮ ಹೇಳಿ ಕಳುಹಿಸಿತ್ತು. ಗೌರಮ್ಮ ಕೈಬಿಟ್ಟರೆ ಇಡೀ ಬೆಟ್ಟವೇ ಕೈಬಿಡುತ್ತದೆಂದು ಭರಮಕ್ಕನಿಗೆ ಗೊತ್ತಿತ್ತು. ಅದು ಬೆಳಗಾಗುತ್ತಲೇ ನರಿಯನ್ನು ಕಳುಹಿಸಿತು.

ಬಿಸಿಲೇರಿದಾಗ ಕೊಕ್ಕರೆಗಳ ಯಜಮಾನ ನಿಂಗಪ್ಪ ಬಂದಿತು.

"ಏನಕ್ಕಾ, ನಿಮ್ಮ ಕೆಂಚಪ್ಪ ತಾವರೆಕೆರೆಯ ದಡದಲ್ಲಿ ಕಾಲು ಚಾಚಿ ಕೂತಿದ್ದಾನೆ!"

"ತಾವರೆಕೆರೆಯೇ? ಬೆಟ್ಟ ಇರುವುದು ಈ ಕಡೆ!"

"ನೇರವಾಗಿ ಹೋದರೆ ಒಂದೇ ಗರಿ. ಎರಡು ಕೆರೆ ಸುತ್ತಿ, ಬುಟ್ಟಿ ಬದಲಿಸಿ ಹೋದರೆ ಮೂರು. ಅವನು ಹೋಗುವುದೇ ಹಾಗೆ. ಮುಟ್ಟುವಾಗ ಸಂಜೆಯಾಗುತ್ತದೆ."

ಭರಮಕ್ಕ ಒಳಗೆ ಹೋಗಿ ನೋಡಿತು. ಅಂಗಡಿಯಲ್ಲಿ ಇನ್ನೂ ಮೂರು ಕೊಡ ಜೇನಿತ್ತು. ಇನ್ನೊಂದು ಬುಟ್ಟಿಯ ಬಾಡಿಗೆಗೆ ಮಾತ್ರ ಕೈಯಲ್ಲಿ ಕಾಸಿರಲಿಲ್ಲ.

"ನಿಮ್ಮ ಅಂಗಡಿಯ ಗರಿಗಳಿವೆಯಲ್ಲ," ಎಂದಿತು ನಿಂಗಪ್ಪ. "ಅಂಗಡಿಯವರು ಹಾರಿದಾಗಲೆಲ್ಲ ಅಂಗಡಿಗೂ ಒಂದು ಗರಿ ತೆಗೆದಿಡುವುದು ನಮ್ಮ ಪದ್ಧತಿ. ಹೆಸರು ಬರೆಸಿದರೆ ಸಿಗುತ್ತದೆ. ನೀವು ಕೇಳಲೇ ಇಲ್ಲ."

"ನೀವಾದರೂ ಹೇಳಬಾರದಿತ್ತೇ?"

"ಕೆಂಚಪ್ಪನಿಗೆ ಹತ್ತು ಸಲ ಹೇಳಿದ್ದೇನೆ!"

ಭರಮಕ್ಕ ನಿಂತ ಕಾಲಲ್ಲೇ ಅಂಗಡಿಯ ಹೆಸರು ಬರೆಸಿತು. ಅಂಗಡಿಗೆಂದು ಕೂಡಿದ್ದ ಗರಿಗಳಲ್ಲಿ ಹತ್ತು ಕೊಟ್ಟು, ಕೊಡಗಳೊಡನೆ ತಾನೇ ಬುಟ್ಟಿ ಹತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಎಲೆ ಹಾಕುವ ಹೊತ್ತಿಗೆ ಜೇನು ಬೆಟ್ಟದಲ್ಲಿತ್ತು.

ನರಿ ಸಂಜೆ ಬೆಟ್ಟಕ್ಕೆ ಬಂದಿತು. "ದಾರಿಯಲ್ಲಿ ಏನು ಗಾಳಿ ಅಂತೀರಿ, ಅಕ್ಕಾ!"

"ಯಾವ ಕೆರೆಯ ಗಾಳಿ, ಕೆಂಚಪ್ಪ?" ಎಂದಿತು ಭರಮಕ್ಕ. "ಊಟ ಮುಗಿದಿದೆ. ನಿನ್ನ ಕೊಡಗಳನ್ನು ಅಂಗಡಿಗೆ ಮುಟ್ಟಿಸು. ಹೊತ್ತು ನಡೆಯುತ್ತೀಯೋ, ಗರಿ ಕೊಟ್ಟು ಹಾರುತ್ತೀಯೋ ನಿನಗೆ ಬಿಟ್ಟದ್ದು. ನಾಳೆಯಿಂದ ಮಾರಲು ಮೊಲ ಹೋಗುತ್ತದೆ."

ನರಿ ಇಳಿಜಾರನ್ನು ನೋಡಿತು. ಕೊಡಗಳನ್ನು ನೋಡಿತು. ಸಮುದ್ರ ನೋಡಲೆಂದು ಕೂಡಿಟ್ಟಿದ್ದ ಹತ್ತು ಗರಿಗಳನ್ನು ಒಂದೊಂದಾಗಿ ನಿಂಗಪ್ಪನ ಮುಂದಿಟ್ಟಿತು.

ಆಗ ಅಲ್ಲಿದ್ದವರು: ಕರಡಿ ಭರಮಕ್ಕ, ನರಿ ಕೆಂಚಪ್ಪ, ಕೊಕ್ಕರೆ ನಿಂಗಪ್ಪ, ಆನೆ ಗೌರಮ್ಮ, ಮತ್ತು ಅಂದೇ ಹೆಸರು ಪಡೆದ ಮರಿ ಮಲ್ಲೇಶಿ.

ನೀತಿ: ಕೆಲಸದ ಜೊತೆಗೆ ಬರುವ ಲಾಭವನ್ನು ಕೇಳಿ ಪಡೆಯಬೇಕು, ಆ ಲಾಭದ ಆಸೆಗೆ ಕೆಲಸವನ್ನೇ ಕೆಡಿಸಬಾರದು.