ಬಾಗಿಲಲ್ಲಿ ಆಡಿದ ಮಾತು

ಕಾವೇರಿ ದಂಡೆಯ ಆ ಪುಟ್ಟ ಆಶ್ರಮದಲ್ಲಿ ಸಂಜೆಯ ಭಜನೆಗೆ ಮುಂಚೆ ಒಂದು ಗಂಟೆ ಫುಟ್‌ಬಾಲ್ ನಡೆಯುತ್ತಿತ್ತು. ಆಡಿಸುತ್ತಿದ್ದವರು ಆಶ್ರಮದ ಗುರುಗಳೇ. ಸುತ್ತಲಿನ ಊರಿನವರು ಅವರನ್ನು ಚೆಂಡಿನಯ್ಯ ಎಂದು ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಅವರ ಬಳಿ ಕಲಿತ ಚಿಕ್ಕಲಿಂಗ ಬಹಳ ದೂರ ಹೋದ. ನಾರ್ವೆಯ ಒಂದು ಕ್ಲಬ್ಬು ಅವನನ್ನು ಆಡಲು ಕರೆಸಿಕೊಂಡಿತು. ಅಲ್ಲಿ ಅವನ ಅಂಗಿಯ ಬೆನ್ನಿಗೆ ಹದಿನೇಳು ಎಂಬ ಅಂಕಿ, ಅದರ ಮೇಲೆ ‘ಚಿಕ್’ ಎಂದಷ್ಟೇ ಹೆಸರು. ಉಳಿದದ್ದು ಅವರ ನಾಲಿಗೆಗೆ ಹೊರಳಲಿಲ್ಲ.

ಒಂದು ವರ್ಷದ ಆಟ ಮುಗಿಸಿ ಚಿಕ್ಕಲಿಂಗ ಆಶ್ರಮಕ್ಕೆ ಬಂದ. ಮುಖ ಸಪ್ಪಗಿತ್ತು. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅಯ್ಯನವರೇ, ನಮ್ಮ ಕೋಚಿಗೆ ಒಂದು ಪತ್ರ ಬರೀಬೇಕು. ಇವತ್ತೇ ಕಳಿಸಬೇಕು. ಹೇಗೆ ಬರೆಯೋದು ಅಂತ ತಿಳೀತಿಲ್ಲ.”

“ಏನಂತ ಬರೀಬೇಕು?”

“ನಾನು ಆಟ ಬಿಡ್ತಿದ್ದೀನಿ ಅಂತ.”

ಗುರುಗಳು ಒಂದು ಹಿಡಿ ಅವರೆಕಾಯಿ ಅವನ ಮುಂದೆಯೂ ಸುರಿದರು.

“ಯಾಕೆ?”

“ಮೂವತ್ತು ಪಂದ್ಯದಲ್ಲಿ ಇಪ್ಪತ್ತಾರು ಬೆಂಚ್ ಮೇಲೇ ಕೂತಿದ್ದೆ. ಕಾಲಿಗೆ ಆಟದ ಖುಷಿನೇ ಮರೆತುಹೋಗಿದೆ.”

“ಬೆಂಚ್ ಮೇಲೆ ಕೂತು ಏನು ನೋಡ್ತಿದ್ದೆ?”

“ಗಡಿಯಾರ.”

“ಹೂಂ. ಬಿಡೋದಾದ್ರೆ ಅಲ್ಲೇ ಹೇಳಿ ಬರಬಹುದಿತ್ತಲ್ಲ?”

“ಹೇಳೋಕೇ ಹೋಗಿದ್ದೆ. ಮುಂದಿನ ವರ್ಷ ಬರ್ತೀಯೋ ಇಲ್ವೋ ಅಂತ ಕೋಚೇ ಕೇಳಿದ್ರು. ನನಗೆ ಬಾಯೇ ಬರಲಿಲ್ಲ. ಸುಮ್ಮನೆ ಎದ್ದೆ. ಬಾಗಿಲ ಹತ್ರ ತಿರುಗಿ, ನಾವು ಹೊರಡುವಾಗ ಹೇಳ್ತೀವಲ್ಲ, ಅದನ್ನೇ ಅವರ ಭಾಷೇಲಿ ಹೇಳಿಬಿಟ್ಟೆ.”

“ಏನು ಹೇಳಿದೆ?”

“ಬರ್ತೀನಿ ಅಂದೆ.”

ಗುರುಗಳ ಕೈ ಅರ್ಧ ಸುಲಿದ ಕಾಯಿಯ ಮೇಲೆ ನಿಂತಿತು.

“ಅವರು ಎದ್ದು ಬಂದು ತಬ್ಬಿಕೊಂಡ್ರು. ನಾನು ವಾಪಸ್ ಕೊಡೋಕೆ ತಂದಿದ್ದ ಅಂಗಿ ತಗೊಂಡು ಮತ್ತೆ ಗೂಟಕ್ಕೆ ತಗುಲಿಹಾಕಿದ್ರು.”

ಗುರುಗಳು ನಕ್ಕರು. ನಕ್ಕು ನಕ್ಕು ಕೆಮ್ಮು ಹತ್ತಿತು. ಮಡಿಲಿನ ಅವರೆಕಾಳು ಜಗಲಿ ತುಂಬ ಚೆಲ್ಲಿತು.

“ನಗಬೇಡಿ ಅಯ್ಯನವರೇ. ನಮ್ಮಲ್ಲಿ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ. ಅದನ್ನ ಅವರಿಗೆ ತಿಳಿಯೋ ಹಾಗೆ ಬರೆದುಕೊಡಿ.”

“ಅದು ನಮ್ಮಪ್ಪನಿಂದಲೂ ಆಗದು,” ಎಂದರು ಗುರುಗಳು ಕಣ್ಣೊರೆಸಿಕೊಳ್ಳುತ್ತಾ. “ಬರೆಯೋದು ಆಮೇಲೆ. ಮೊದಲು ಬಾಯಿಗೆ ರೂಢಿಯಾಗಲಿ. ಎಲ್ಲಿ, ನನಗೆ ‘ಹೋಗ್ತೀನಿ’ ಅಂತ ಹೇಳು.”

“ಬಿಡ್ತು ಅನ್ನಿ. ನಿಮಗೆ ಹಾಗೆ ಹೇಳೋದುಂಟಾ?”

“ಹಾಗಾದ್ರೆ ಚೆಂಡಿಗೆ ಹೇಳು. ನೀನು ಬಿಟ್ಟು ಹೋಗ್ತಿರೋದು ಅದನ್ನೇ ತಾನೇ? ಹೊಳೆಗೆ ತಗೊಂಡು ಹೋಗಿ, ಹೇಳಿ, ನೀರಿಗೆ ಬಿಟ್ಟು ಬಾ.”

ಒಳಗಿನಿಂದ ಒಂದು ಹಳೆಯ ಚೆಂಡು ತಂದುಕೊಟ್ಟರು. ಮೂರು ಕಡೆ ಹೊಲಿಗೆ ಬಿದ್ದಿತ್ತು. ಚಿಕ್ಕಲಿಂಗ ಬರಿಗಾಲಲ್ಲಿ ಮೊದಲು ಒದ್ದದ್ದು ಇದನ್ನೇ.

ಅವನು ಮೆಟ್ಟಿಲಿಳಿದು ಚೆಂಡನ್ನು ನೀರಿನ ಮೇಲಿಟ್ಟ. “ಹೋ...” ಎಂದ. ಮಾತು ಮುಗಿಯುವವರೆಗೆ ಚೆಂಡು ಕಾಯಲಿಲ್ಲ, ನೀರಿನ ಜೊತೆ ಹೊರಟಿತು.

ಪಕ್ಕದ ಮೆಟ್ಟಿಲಲ್ಲಿ ಆಶ್ರಮದ ಅಡುಗೆಯ ಸಣ್ಣತಾಯಮ್ಮ ಪಾತ್ರೆ ತೊಳೆಯುತ್ತಿದ್ದಳು.

“ಏನ್ಲಾ ಲಿಂಗ, ಚೆಂಡು ತೇಲ್ಕೊಂಡು ಹೋಯ್ತಾ ಅದೆ, ಕಂಬ ನಿಂತಂಗೆ ನಿಂತಿದ್ದೀಯಲ್ಲ?”

ಚೆಂಡು ಬಂಡೆ ದಾಟಿತು. ಹೊಳೆ ತಿರುಗುವಲ್ಲಿ ಒಮ್ಮೆ ಗಿರ್ರನೆ ಸುತ್ತಿತು. ಇನ್ನೊಂದು ಗಳಿಗೆಗೆ ಕಣ್ಣಿಗೆ ಕಾಣದು.

ಚಿಕ್ಕಲಿಂಗ ಉಟ್ಟ ಬಟ್ಟೆಯಲ್ಲೇ ಹಾರಿದ.

ಸಿಕ್ಕಿದ್ದು ಆಚೆಯ ಮರಳದಿಬ್ಬದ ಹತ್ತಿರ. ಸಿಕ್ಕಿದ ಮೇಲೆ ಸುಮ್ಮನೆ ತರಬಹುದಿತ್ತು. ತೊಡೆಯ ಮೇಲೆ ಕುಣಿಸಿದ, ಹಣೆಯ ಮೇಲೆ ನಿಲ್ಲಿಸಿದ, ಮರಳಲ್ಲಿ ಆಶ್ರಮದ ಮೆಟ್ಟಿಲಿನ ಎದುರಿನವರೆಗೂ ಓಡಿಸಿದ. ಅಲ್ಲಿಂದ ಒಂದು ಒದೆ ಕೊಟ್ಟರೆ ಚೆಂಡು ಹೊಳೆ ದಾಟಿ ಸಣ್ಣತಾಯಮ್ಮ ತೊಳೆದಿಟ್ಟ ದೊಡ್ಡ ಹಂಡೆಯೊಳಗೆ ಬಿತ್ತು. ಅವಳು ಬೈದ ಬೈಗುಳ ಆಶ್ರಮದವರೆಗೂ ಕೇಳಿಸಿತು. ಅದಕ್ಕಿಂತ ಜೋರಾಗಿ ಅವನ ನಗು ಕೇಳಿಸಿತು. ಇಡೀ ವರ್ಷದಲ್ಲಿ ಅವನು ಅಷ್ಟು ನಕ್ಕಿರಲಿಲ್ಲ.

ತೊಟ್ಟಿಕ್ಕುತ್ತಾ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಜಗಲಿಗೆ ಬಂದ.

“ಹೇಳಿದೆಯಾ?” ಎಂದು ಕೇಳಿದರು ಗುರುಗಳು.

“ಹೇಳೋಕೆ ಹೋದೆ. ಬಾಯಿಗೆ ಬೇರೇನೇ ಬಂತು.”

“ಏನು ಬಂತು?”

ಚಿಕ್ಕಲಿಂಗ ನಾಚಿಕೊಂಡ. “ನೀರಿಗೆ ಹಾರುವಾಗ ‘ಬಂದೆ, ಬಂದೆ’ ಅಂತ ಕೂಗಿದೆ.”

ಗುರುಗಳು ತಲೆದೂಗಿದರು. “ಆಗ ಗಡಿಯಾರ ಎಷ್ಟು ಹೊಡೆದಿತ್ತು?”

“ಗಡಿಯಾರ ಯಾರು ನೋಡಿದ್ರು ಅಯ್ಯನವರೇ?”

ಅದನ್ನು ಹೇಳಿದ ಮೇಲೆ ಅವನಿಗೇ ನಗು ಬಂತು. ಮತ್ತೆ ಪತ್ರದ ಮಾತೆತ್ತಲಿಲ್ಲ. ಕೂತು ಅವರೆಕಾಯಿ ಸುಲಿದ. ಆ ಸಂಜೆ ಭಜನೆ ಅರ್ಧ ಗಂಟೆ ತಡವಾಗುವಷ್ಟು ಆಡಿದ.

ರಜೆ ತೀರಿದ ದಿನ ಚೀಲ ಹೆಗಲಿಗೇರಿಸಿ ಗುರುಗಳ ಕಾಲಿಗೆರಗಿದ. ಬಾಗಿಲವರೆಗೆ ಹೋಗಿ, ತಿರುಗಿ, ಬಾಯ್ತುಂಬ ಹೇಳಿದ.

“ಬರ್ತೀನಿ ಅಯ್ಯನವರೇ.”

“ಅವರಿಗೂ ಇದೇ ಮಾತು ಕೊಟ್ಟು ಬಂದಿದ್ದೀಯ ಕಣಯ್ಯ,” ಎಂದರು ಗುರುಗಳು. “ಇಬ್ಬರನ್ನೂ ಕಾಯಿಸಬೇಡ.”