ಆನೆಯಮ್ಮನ ಕೆಸರಿನ ಸಾಲ

"ಏ ಗಾಳಿ, ನಿಲ್ಲೋ ಸ್ವಲ್ಪ! ಕಾಡು ಯಾವ ಕಡೆ?"

"ನನ್ನ ಕೇಳ್ತೀಯಲ್ಲ, ನಾನೇ ನಿನ್ನೆ ಹುಟ್ಟಿದವನು!" ಅಂದ ಗಾಳಿ, ಹಾಗೇ ಓಡಿಬಿಟ್ಟ.

ಲೋಕ ಆಗಷ್ಟೇ ಒಲೆಯಿಂದ ಇಳಿಸಿದ ಹಾಗಿತ್ತು, ಇನ್ನೂ ಬಿಸಿ ಆರಿರಲಿಲ್ಲ. ದಾರಿ ಎಂಬುದು ಎಲ್ಲೂ ಇರಲಿಲ್ಲ. ಯಾರೂ ಇನ್ನೂ ಒಂದೇ ಕಡೆ ಎರಡು ಸಲ ನಡೆದಿರಲಿಲ್ಲವಲ್ಲ! ಹೊಳೆಗಳು ಕೂಡ ಎತ್ತ ಹರಿಯೋಣ ಎಂದು ಯೋಚಿಸುತ್ತ ಅಲ್ಲಲ್ಲೇ ಸುತ್ತು ಹಾಕುತ್ತಿದ್ದವು. ಅಂಥ ಬಟ್ಟಬಯಲಲ್ಲಿ ಆನೆಯಮ್ಮ ದಿಕ್ಕು ತಪ್ಪಿ ನಿಂತಿದ್ದಳು.

ತಿರುಗಾಟವೆಂದರೆ ಅವಳಿಗೆ ಪ್ರಾಣ. ಮಲಗಿದ ಕಡೆ ಎದ್ದವಳಲ್ಲ, ಎದ್ದ ಕಡೆ ಉಂಡವಳಲ್ಲ. ಆಗ ಆನೆಗಳ ಮೈ ಈಗಿನ ಹಾಗಿರಲಿಲ್ಲ. ಬಾಳೆದಿಂಡಿನಷ್ಟು ನುಣುಪು, ಮಳೆಯಲ್ಲಿ ನೆನೆದ ಬಂಡೆಯಷ್ಟು ಹೊಳಪು. ಸಿಕ್ಕ ನೀರಲ್ಲೆಲ್ಲ ತಿಕ್ಕಿ ತಿಕ್ಕಿ ಮೀಯುವುದು, ಆಮೇಲೆ ನಾಲ್ಕು ಜನ ನೋಡಲಿ ಎಂದು ಬಿಸಿಲಿಗೆ ಮೈಯೊಡ್ಡಿ ಒಣಗುವುದು, ಇದೇ ಅವಳ ಅಭ್ಯಾಸ. ಸೂರ್ಯನೋ, ಎಳೆಯ ಹುಡುಗ. ಎಷ್ಟು ಉರಿಯಬೇಕೆಂಬ ಅಂದಾಜೇ ಅವನಿಗಿರಲಿಲ್ಲ.

ಇಷ್ಟು ದಿನ ಅವಳಿಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಈಗ ಜೊತೆಗೊಂದು ಮರಿಯಿತ್ತು. ಎಳೇ ಮರಿ, ಎಳೇ ಚರ್ಮ. ಅದರ ಬೆನ್ನು ಕೆಂಡದ ಹಾಗೆ ಕೆಂಪಾಗಿತ್ತು.

"ಅಮ್ಮಾ, ಉರಿ!"

"ಇಗೋ ಬಂತು ಮಗಾ, ನೆರಳು ಬಂತು."

ಬಂದದ್ದು ನೆರಳಲ್ಲ, ಒಂದು ಹೊಂಡ. ಹೊಂಡದ ತುಂಬ ಕೆಸರು, ಕೆಸರಿನ ತುಂಬ ಎಮ್ಮೆಕ್ಕ! ಎರಡು ಕೊಂಬು, ಎರಡು ಮೂಗಿನ ಹೊಳ್ಳೆ ಮಾತ್ರ ಹೊರಗೆ.

"ಎಮ್ಮೆಕ್ಕ, ಕಾಡು ಎಲ್ಲಿ?"

"ಆ ಗುಡ್ಡ ದಾಟಿದರೆ ಕಾಡು. ಈ ಬಿಸಿಲಲ್ಲಿ ನಿನ್ನ ಮಗು ಗುಡ್ಡ ದಾಟಲ್ಲ ಕಣೇ. ಮೊದಲು ಒಳಗಿಳಿ."

"ಈ ಕೊಳಕಿಗಾ? ನಾನಾ?"

"ಕೊಳಕಂತೆ! ಇದು ನನ್ನ ಕೊಡೆ. ನಿನ್ನ ಮುಖ ಈಚೆಗೆ ನೋಡ್ಕೊಂಡಿದ್ದೀಯಾ?"

ಹೊಂಡದ ಅಂಚಿನಲ್ಲಿ ಬೊಗಸೆಯಷ್ಟು ತಿಳಿನೀರಿತ್ತು. ಆನೆಯಮ್ಮ ಬಗ್ಗಿ ನೋಡಿದಳು.

"ಅಯ್ಯೋ, ಯಾರಿದು ಮುದುಕಿ?"

ನೀರಿನೊಳಗಿನ ಮುದುಕಿಯೂ ಅಷ್ಟೇ ದೊಡ್ಡದಾಗಿ ಬಾಯಿ ತೆರೆದಳು. ಬಿಸಿಲಿಗೆ ಒಣಗಿ ಒಣಗಿ ಕಣ್ಣ ಸುತ್ತ ಸುಕ್ಕು, ಸೊಂಡಿಲ ತುಂಬ ಬಿರುಕು, ಹಣೆಯೋ ಉತ್ತ ಹೊಲ!

"ತೆಗೀರಿ ಇದನ್ನ! ಯಾರಾದ್ರೂ ತೆಗೀರಿ!"

ಪಕ್ಕದಲ್ಲೇ ಇದ್ದ ಲೋಳೆಸರದ ಗಿಡ ಕುಲುಕುಲು ನಕ್ಕಿತು. "ನನ್ನದೊಂದು ಎಲೆ ಮುರಿದು ಮಗುವಿಗೆ ಹಚ್ಚು, ಉರಿ ತಣಿಸ್ತೀನಿ. ಸುಕ್ಕು ಅಳಿಸೋದು ನನ್ನ ಕೈಲಾಗಲ್ಲ. ಒಂದೇ ದಿನದಲ್ಲಿ ಅಳಿಸ್ತೀನಿ ಅನ್ನೋ ಗಿಡ ಸಿಕ್ಕಿದರೆ, ಅದರಿಂದ ಸ್ವಲ್ಪ ದೂರವೇ ನಿಲ್ಲು."

ಆನೆಯಮ್ಮ ಎಲೆ ಮುರಿದು ಹಚ್ಚಿದಳು. ಮರಿಯ ಅಳು ನಿಂತಿತು. ಆದರೆ ಗುಡ್ಡ ಅಲ್ಲೇ ಇತ್ತು. ಸೂರ್ಯನೂ ಅಲ್ಲೇ ಇದ್ದ.

"ನಿನಗೆ ಬಿದ್ದ ಗೆರೆ ಬಿತ್ತು. ಇನ್ನು ಮಗುವಿನ ಮೈ ಕಾಯಿ. ಇಳೀತೀಯೋ ಇಲ್ವೋ?" ಎಂದಳು ಎಮ್ಮೆಕ್ಕ.

ಆನೆಯಮ್ಮ ಮರಿಯ ಬೆನ್ನು ನೋಡಿದಳು. ತನ್ನ ಕಾಲ ಕೆಳಗಿನ ಕೆಸರು ನೋಡಿದಳು. ಕಣ್ಣು ಮುಚ್ಚಿ ಜಿಗಿದೇಬಿಟ್ಟಳು. ಧೊಪ್! ಅರ್ಧ ಕೆಸರು ಆಕಾಶಕ್ಕೆ ಹಾರಿತು.

"ಅಯ್ಯೋ, ನನ್ನ ಹೊಂಡ!"

"ಸಾಲ ಅಂತ ತಿಳ್ಕೋ ಎಮ್ಮೆಕ್ಕ, ತೀರಿಸ್ತೀನಿ."

"ಕೆಸರಿನ ಸಾಲ ಕೆಸರಲ್ಲೇ ತೀರಬೇಕು, ಬಾಯಲ್ಲಲ್ಲ!"

ಆಗ ನಡೆಯಿತು ಸೋಜಿಗ. ಬಿರುಕು ಬಿರುಕಿನೊಳಗೂ ಕೆಸರು ಇಳಿಯಿತು, ಇಳಿದದ್ದು ಅಲ್ಲೇ ನಿಂತಿತು. ಮೈಯೆಲ್ಲ ಮರಳಲ್ಲಿಟ್ಟ ಮಡಕೆಯ ಹಾಗೆ ತಂಪು! "ಸುಕ್ಕಿಗೂ ಒಂದು ಕೆಲಸ ಇದೆ ಕಣೇ!" ಎಂದು ಕುಣಿದಳು.

ಮರಿಗೆ ಮಾತ್ರ ನುಣುಪು ಮೈ. ಬಳಿದರೆ ಕೆಸರು ಸರ್ರನೆ ಜಾರಿತು. ಮತ್ತೆ ಬಳಿದಳು, ಮತ್ತೆ ಜಾರಿತು. ಮತ್ತೂ ಬಳಿದಳು, ಮತ್ತೂ ಜಾರಿತು. ರೇಗಿಹೋದ ಆನೆಯಮ್ಮ ದಡದ ಒಣಮಣ್ಣನ್ನು ಸೊಂಡಿಲಲ್ಲಿ ಎಳೆದುಕೊಂಡು "ಫೂ!" ಎಂದು ಊದಿಬಿಟ್ಟಳು.

ಒದ್ದೆ ಬೆನ್ನಿನ ಮೇಲೆ ಮಣ್ಣು ಬಿತ್ತು. ಬಿದ್ದದ್ದು ಜಾರಲಿಲ್ಲ!

ಮರಿ ಸೀನಿತು. "ಅಮ್ಮಾ, ಉರಿ ಇಲ್ಲ! ಇನ್ನೊಂದ್ಸಲ!"

ಫೂ! ಫೂ! ಮೊದಲು ನೀರು, ಮೇಲೆ ಮಣ್ಣು. ಮೊದಲು ನೀರು, ಮೇಲೆ ಮಣ್ಣು. ಮಣ್ಣುಬಣ್ಣದ ಅಮ್ಮ, ಮಣ್ಣುಬಣ್ಣದ ಮರಿ, ಉರಿಬಿಸಿಲಲ್ಲೇ ಗುಡ್ಡ ದಾಟಿದರು. ಸೂರ್ಯ ಎಷ್ಟು ಕಣ್ಣರಳಿಸಿ ಹುಡುಕಿದರೂ ಅವನಿಗೆ ಕಂಡದ್ದು ನಡೆಯುವ ಎರಡು ಮಣ್ಣುಗುಡ್ಡೆ!

"ಅಮ್ಮಾ, ನನಗೂ ನಿನ್ನ ಹಾಗೆ ಗೆರೆ ಬೇಕು," ಎಂದು ಮರಿ ಕಾಡಿನುದ್ದಕ್ಕೂ ಪೀಡಿಸಿತು. ಅದನ್ನು ಕೇಳಿಸಿಕೊಂಡೋ ಏನೋ, ಆಮೇಲೆ ಹುಟ್ಟಿದ ಮರಿಗಳೆಲ್ಲ ಗೆರೆ ಹೊತ್ತೇ ಹುಟ್ಟಿದವು.

ಬೇಸಿಗೆ ಬಂತು. ಒಂದು ದಿನ ಅದೇ ಗಾಳಿ ಏದುಸಿರು ಬಿಡುತ್ತ ಓಡಿಬಂದ. "ಆನೆಯಮ್ಮಾ, ಹೊಂಡ ಒಣಗಿದೆ! ಎಮ್ಮೆಕ್ಕನ ಮೈ ಬಿರೀತಿದೆ!"

ಆನೆಯಮ್ಮ ಹೊರಟೇಬಿಟ್ಟಳು. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ. ಅಂದು ಕೆಸರುಗಾಲಲ್ಲಿ ನಡೆದ ಹೆಜ್ಜೆಗಳು ಒಣಗಿ ಗಟ್ಟಿಯಾಗಿ ಗುಡ್ಡದುದ್ದಕ್ಕೂ ಸಾಲಾಗಿ ಕೂತಿದ್ದವು. ಲೋಕದ ಮೊದಲ ದಾರಿ ಅದೇ.

ಎಮ್ಮೆಕ್ಕ ಒಣಗಿದ ಹೊಂಡದಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಳು.

"ಎಮ್ಮೆಕ್ಕ, ಏಳು! ನಾನು ಬಂದೆ."

"ಬಂದು ಏನ್ಮಾಡ್ತೀಯ? ನೀರೇ ಇಲ್ಲ."

ಆನೆಯಮ್ಮ ನೆಲ ಮೂಸಿದಳು. ಮೂಸುತ್ತ ಪಕ್ಕದ ಒಣಹಳ್ಳಕ್ಕೆ ಇಳಿದಳು. ಕಾಲಲ್ಲಿ ಕೆರೆದಳು, ಸೊಂಡಿಲಲ್ಲಿ ಮರಳು ತೋಡಿದಳು, ಮತ್ತೆ ಕೆರೆದಳು. ಒದ್ದೆ ಮರಳು ಬಂತು. ಆಮೇಲೆ ಗುಳುಗುಳು ನೀರು! ಸೊಂಡಿಲು ತುಂಬಿ ತುಂಬಿ ಹೊಂಡಕ್ಕೆ ಸುರಿದಳು, ಮಣ್ಣು ಕಲಸಿ ಕಲಸಿ ತುಳಿದಳು. ಎಮ್ಮೆಕ್ಕ ಕೊಂಬಿನವರೆಗೂ ಮುಳುಗಿ "ಹಾ..." ಎಂದಳು.

"ತೀರಿತಾ ಸಾಲ?"

"ನೀರು ಸ್ವಲ್ಪ ಜಾಸ್ತಿಯಾಯ್ತು," ಅಂದಳು ಎಮ್ಮೆಕ್ಕ, ಕಣ್ಣು ತೆರೆಯದೆಯೇ. "ಇರಲಿ ಬಿಡು, ತೀರಿತು."

ಅದಕ್ಕೇ ಮಗೂ, ಮಿಂದು ಬಂದ ಆನೆ ಮತ್ತೆ ಮಣ್ಣೆರಚಿಕೊಂಡರೆ ಸ್ನಾನ ದಂಡವಾಯಿತೆಂದು ನಗಬೇಡ. ಬೇಸಿಗೆಯಲ್ಲಿ ಅದು ಒಣಹಳ್ಳದ ಮರಳು ತೋಡಿ, ತಾನು ಕುಡಿದು, ಹಿಂದೆ ಬರುವವರಿಗಾಗಿ ಗುಂಡಿಯನ್ನು ಹಾಗೇ ತೆರೆದು ಬಿಟ್ಟು ಹೋಗುತ್ತದಲ್ಲ, ಅದು ಎಮ್ಮೆಕ್ಕನ ಸಾಲಕ್ಕೆ ಇಂದಿಗೂ ಕಟ್ಟುತ್ತಿರುವ ಬಡ್ಡಿ.